ಕೀ ಕೊಟ್ಟ ಮೇಲೆ

ಗಡಿಯಾರ ಮಾಡುವವರು ವಿಮಾನದ ಮಾದರಿಗಳನ್ನೂ ಕಟ್ಟುತ್ತೇವೆಂದರೆ ಪುಣೆಯ ನಮ್ಮ ಕನ್ನಡ ಗೆಳೆಯರು, ‘ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀರಿ’ ಎಂದು ನಗುತ್ತಾರೆ. ಒಂದೇ ಮೇಜಿನ ಮೇಲೆ ಹನ್ನೆರಡು ವರ್ಷದಿಂದ ಎರಡನ್ನೂ ನಡೆಸಿಕೊಂಡು ಬಂದಿರುವ ನಾವು ದಂಪತಿಗಳಿಗೆ ಇರುವುದು ಒಂದೇ ದೋಣಿ. ಕೈಯಿಂದ ಸುತ್ತಿ ತುಂಬಿದ ಬಲವನ್ನು ಎಷ್ಟು ಹೊತ್ತು, ಯಾವ ಲೆಕ್ಕದಲ್ಲಿ ಖರ್ಚು ಮಾಡಬೇಕು ಎಂಬುದೇ ಎರಡೂ ಕಡೆಯ ಪ್ರಶ್ನೆ.

1871ರಲ್ಲಿ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಹಾರಿಬಿಟ್ಟ ಪುಟ್ಟ ಮಾದರಿ, ತಿರುಚಿದ ರಬ್ಬರಿನ ಬಲದಲ್ಲಿ 11 ಸೆಕೆಂಡು ಗಾಳಿಯಲ್ಲಿತ್ತು. ಇಂದಿಗೂ ನಮ್ಮ ವಿಮಾನಗಳ ಎಂಜಿನ್ನು ಅದೇ ರಬ್ಬರು. ಅದರ ದೋಷವೂ ಹಳೆಯದೇ: ಬಿಟ್ಟೊಡನೆ ಉನ್ಮತ್ತ, ಕೊನೆಗೆ ನಿಶ್ಶಕ್ತ. ಗಡಿಯಾರದ ಸ್ಪ್ರಿಂಗಿನ ಸ್ವಭಾವವೂ ಹೀಗೆಯೇ. ಹಳೆಯ ಗಡಿಯಾರಗಾರರು ಇದಕ್ಕೆ ಫ್ಯೂಸೀ ಎಂಬ ಶಂಕುವಿನಾಕಾರದ ಗಾಲಿಯಿಟ್ಟು, ಸ್ಪ್ರಿಂಗು ಸೋತಂತೆಲ್ಲ ಸರಪಳಿ ದಪ್ಪ ಸುತ್ತನ್ನು ಎಳೆಯುವಂತೆ ಮಾಡಿ, ಬಲವನ್ನು ಸಮಗೊಳಿಸಿದರು. ನಮ್ಮ ವಿಮಾನದಲ್ಲಿ ಅಷ್ಟು ಭಾರಕ್ಕೆ ಎಡೆಯೆಲ್ಲಿ? ಪ್ರೊಪೆಲರಿನ ಮೂತಿಯನ್ನು ಕೂದಲೆಳೆಯಷ್ಟು ಕೆಳಕ್ಕೂ ಬಲಕ್ಕೂ ಬಾಗಿಸಿ, ಮೊದಲ ಆವೇಶವನ್ನು ಹೇಗೋ ತಾಳಿಕೊಳ್ಳುತ್ತೇವೆ.

ಈ ನಂಟು ನಮ್ಮ ಕಲ್ಪನೆಯೇನಲ್ಲ. ರೇಡಿಯೋದಿಂದ ನಡೆಸುವ ವಿಮಾನಗಳ ಮೊದಲ ದಿನಗಳಲ್ಲಿ ಚುಕ್ಕಾಣಿ ತಿರುಗಿಸುತ್ತಿದ್ದ ಸಾಧನದ ಹೆಸರೇ ‘ಎಸ್ಕೇಪ್‌ಮೆಂಟ್’. ಗಡಿಯಾರದ ಟಿಕ್ ಟಿಕ್‌ಗೆ ಕಾರಣವಾದ ಭಾಗದ ಹೆಸರು. ಅಲ್ಲೂ ತಿರುಚಿದ ರಬ್ಬರೇ. ನೆಲದಲ್ಲಿ ನಿಂತವರು ಗುಂಡಿ ಒತ್ತಿದರೆ ವಿದ್ಯುದಯಸ್ಕಾಂತ ಒಂದು ಹಲ್ಲನ್ನಷ್ಟೇ ಬಿಟ್ಟುಕೊಡುತ್ತಿತ್ತು. ಒತ್ತಿದರೆ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಎಡಕ್ಕೆ. ಮುಂದಿನ ಸರದಿ ಯಾವ ಕಡೆಯದೆಂದು ನೆನಪಿಡುವ ಹೊಣೆ ಮಾತ್ರ ಮನುಷ್ಯನದು!

ಸಾಮಗ್ರಿಯ ವಿಷಯದಲ್ಲಿ ಇವು ಅಣ್ಣತಮ್ಮಂದಿರಲ್ಲ. ರೆಕ್ಕೆಗೆ ಹೇಳಿ ಮಾಡಿಸಿದ ಬಾಲ್ಸಾ ಮರ ಹಲ್ಲುಚಕ್ರಕ್ಕೆ ಬಾರದು. ಅದಕ್ಕೆ ಬರ್ಚ್ ಪ್ಲೈವುಡ್ಡೇ ಬೇಕು.

ಜುನಾ ಬಜಾರಿನಲ್ಲಿ ನಾವು ಹಳೆಯ ಗಡಿಯಾರಗಳಿಗಿಂತ ಹೆಚ್ಚಾಗಿ ಹುಡುಕುವುದು ಕೀ ಕೊಟ್ಟರೆ ನಡೆಯುವ ಪ್ಲಾಸ್ಟಿಕ್ ಗೊಂಬೆಗಳನ್ನು. ಅವುಗಳ ಹೊಟ್ಟೆಯ ಪುಟ್ಟ ಯಂತ್ರಕ್ಕೆ ಅಂಟಂಟಾದ ಸಿಲಿಕೋನ್ ದ್ರವದ ತಡೆಯೊಡ್ಡಿದರೆ ಎರಡು ನಿಮಿಷದ ಟೈಮರ್ ಸಿದ್ಧ. ಬಿಸಿಲೇರಿ ನೆಲದಿಂದ ಬಿಸಿಗಾಳಿ ಮೇಲೇಳುವಾಗ ಅದರೊಳಗೆ ಸಿಕ್ಕ ವಿಮಾನ, ರಬ್ಬರು ಬಿಚ್ಚಿಕೊಂಡ ಮೇಲೂ ಇಳಿಯುವುದಿಲ್ಲ. ಏರುತ್ತ ಏರುತ್ತ ಚುಕ್ಕೆಯಾಗಿ ಮರೆಯಾಗುತ್ತದೆ. ಹೊತ್ತು ಮುಗಿದಾಗ ಟೈಮರ್ ಒಂದು ದಾರವನ್ನು ಬಿಡುತ್ತದೆ, ಬಾಲದ ರೆಕ್ಕೆ ಮೇಲಕ್ಕೆ ವಾಲುತ್ತದೆ, ವಿಮಾನ ತೇಲುವುದನ್ನು ಮರೆತು ಮೆಲ್ಲಗೆ ಕೆಳಗಿಳಿಯುತ್ತದೆ. ಗಡಿಯಾರವೇ ಅದನ್ನು ಮನೆಗೆ ಕರೆತರುತ್ತದೆ.

ನಮ್ಮಲ್ಲಿ ಒಬ್ಬರ ಕೈ ಎರಡು ವರ್ಷದಿಂದ ನಡುಗುತ್ತಿದೆ. ಯಾರದೆಂದು ಇಲ್ಲಿ ಬರೆಯಬೇಕಿಲ್ಲ. ವೈದ್ಯರು ಅದಕ್ಕೊಂದು ಹೆಸರಿಟ್ಟಿದ್ದಾರೆ, ಮಾತ್ರೆಗಳ ವೇಳೆಯನ್ನೂ ಗೊತ್ತುಮಾಡಿದ್ದಾರೆ. ಗೋಡೆಯ ಮೇಲಿನ ನಮ್ಮ ಮರದ ಗಡಿಯಾರಕ್ಕೆ ಈಗ ಅದೇ ಮುಖ್ಯ ಉದ್ಯೋಗ. ಸೂಜಿಮೊನೆಯಂಥ ಅಚ್ಚುಗಳನ್ನು ಕುಳಿಯಲ್ಲಿ ಕೂರಿಸುವುದು ಆ ಕೈಗೆ ಇನ್ನಾಗದು. ರಬ್ಬರಿಗೆ ಸುತ್ತು ಕೊಡುವುದು ಆಗುತ್ತದೆ. ಒಬ್ಬರು ವಿಮಾನ ಹಿಡಿದು ನಿಂತರೆ ಇನ್ನೊಬ್ಬರು ರಬ್ಬರನ್ನು ಮೂರ್ನಾಲ್ಕು ಪಟ್ಟು ಎಳೆದು ಕೈಡ್ರಿಲ್ಲಿನಿಂದ ತಿರುಗಿಸುತ್ತ, ಹತ್ತಿರ ಹತ್ತಿರ ಬರಬೇಕು. ಎಣಿಕೆ ಜೋರಾಗಿ, ಕನ್ನಡದಲ್ಲಿಯೇ. ಐನೂರು ದಾಟುವ ಹೊತ್ತಿಗೆ ಇಬ್ಬರ ನಡುವೆ ಒಂದು ಗೇಣು ಮಾತ್ರ ಉಳಿದಿರುತ್ತದೆ.

ಆ ಕೈಯವರು ಈಗೊಂದು ಬೇಡಿಕೆ ಮುಂದಿಟ್ಟಿದ್ದಾರೆ: ಈ ಚಳಿಗಾಲದ ವಿಮಾನಕ್ಕೆ ಟೈಮರ್ ಬೇಡ, ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ. ಇನ್ನೊಬ್ಬರು ಒಪ್ಪಿಲ್ಲ. ಮೂರು ತಿಂಗಳ ದುಡಿಮೆಯೆಂಬ ವಾದವನ್ನು ಬಾಯಲ್ಲಿ ಹೇಳುತ್ತಾರೆ, ನಿಜವಾದ ಕಾರಣವನ್ನು ಹೇಳುವುದಿಲ್ಲ. ಸದ್ಯಕ್ಕೆ ಟೈಮರಿಗೆಂದು ಒಡಲಲ್ಲಿ ಒಂದು ಪುಟ್ಟ ಗೂಡು ಬಿಟ್ಟುಕೊಂಡು, ರೆಕ್ಕೆಗೆ ಟಿಶ್ಯೂ ಕಾಗದ ಅಂಟಿಸುತ್ತಿದ್ದೇವೆ.