ಬೆರಳಿನ ಮಸಿ

2018ನೆಯ ಮೇ 12ರಂದು ಮತವಿತ್ತು ಮನೆಗೆ ಬಂದ ನನ್ನ ಬೆರಳಿನ ಮಸಿಯನ್ನು ಕಂಡು ಮೊಮ್ಮಗಳು, “ಹಾಗಾದರೆ ಆಳುವವರು ನೀವೇ ಅಲ್ಲವೇ ತಾತ?” ಎಂದಳು. ಹೌದೆಂದೆನು.

ಮೂರು ದಿನಗಳ ಮೇಲೆ ಎಣಿಕೆಯಾಯಿತು. ನೂರಕ್ಕೆ ಸುಮಾರು 38 ಮತಗಳನ್ನು ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನಗಳು. ಸುಮಾರು 36 ಪಡೆದ ಭಾರತೀಯ ಜನತಾ ಪಕ್ಷಕ್ಕೆ 104! ಕ್ಷೇತ್ರಕ್ಕೊಬ್ಬನೇ ಗೆಲ್ಲುವ ಪದ್ಧತಿಯಲ್ಲಿ ಸೋತವನಿಗಿತ್ತ ಮತಗಳು ಸಭೆಯ ಬಾಗಿಲವರೆಗೂ ಹೋಗಲಾರವು. ಅದನ್ನಾದರೂ ನಿಯಮವೆಂದು ಒಪ್ಪಿದೆನು. ಆದರೆ ಅದೇ ಸಭೆಯು 2021ರೊಳಗೆ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ಉಪಚುನಾವಣೆ ನಡೆದ ಕೆಲವು ಕ್ಷೇತ್ರಗಳವರನ್ನುಳಿದು ಮಿಕ್ಕ ನಮ್ಮನ್ನು ಯಾರೂ ಕೇಳಲಿಲ್ಲ.

ಮೂರನೆಯವರು ಪ್ರಮಾಣವಚನ ಸ್ವೀಕರಿಸಿದ ದಿನ ಮೊಮ್ಮಗಳು ನನ್ನ ಕೈಯನ್ನು ಹಿಡಿದು ನೋಡಿ, “ಈ ಸಲ ಮಸಿಯೇ ಇಲ್ಲವಲ್ಲ!” ಎಂದಳು. ನಾನು ಪತ್ರಿಕೆಯ ಪುಟವನ್ನು ಮಗುಚಿದೆನು.

2023ನೆಯ ಮೇ 10ರಂದು ಪುನಃ ಸಾಲಿನಲ್ಲಿ ನಿಂತೆನು.