ಇದು ಬಾಗಿಲಲ್ಲ, ಕೈ ಆಡುವ ಜಾಗ

ನಮ್ಮದು ತಂಬೂರಿಯ ಸೀಮೆ. ಮಾನ್ವಿ ಕಡೆಯ ಚೀಕಲಪರವಿಯಲ್ಲಿ ವಿಜಯದಾಸರು, ಬ್ಯಾಗವಾಟದಲ್ಲಿ ಜಗನ್ನಾಥದಾಸರು, ದೇವದುರ್ಗ ಕಡೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಹಾಗಾಗಿ ನನ್ನ ತಮ್ಮ ಗಿಟಾರ್ ತಂದಾಗ ಅವ್ವ ಅದನ್ನೂ ತಂಬೂರಿ ಅಂತಲೇ ಕರೆದಳು.

ತಮ್ಮ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೂಲಿ. ದುಡ್ಡು ಕೂಡಿಸಿ ಹಳೆಯ ಗಿಟಾರ್ ಕೊಂಡಿದ್ದ. ಹಿಂದಿನ ಮಾಲೀಕರು ಅದರ ಕುತ್ತಿಗೆಗೆ ದಪ್ಪಗೆ ಕೆಂಪು ಆಯಿಲ್ ಪೇಂಟ್ ಬಳಿದಿದ್ದರು. ಬೇಸಿಗೆಯಲ್ಲಿ ಕೈ ಬೆವತರೆ ಹೆಬ್ಬೆರಳು ಅಂಟಿಕೊಳ್ಳುತ್ತಿತ್ತು, ಜಾರುತ್ತಿರಲಿಲ್ಲ. ಸರಿಮಾಡಲು ಅಂಗಡಿಯವರು ಕೇಳಿದ್ದು ಹೆಚ್ಚುಕಡಿಮೆ ಗಿಟಾರಿನಷ್ಟೇ ದುಡ್ಡು. "ಮಿಲ್ಲಿನ ಕೈಗೆ ಇದೆಲ್ಲ ಒಗ್ಗಲ್ಲ ಬಿಡಣ್ಣ, ಮಾರಿಬಿಡ್ತೀನಿ" ಅಂದ. ಆ ಮಾತು ನನಗೆ ಚುಚ್ಚಿತು.

ದೇವದುರ್ಗದಲ್ಲಿ ಬಡಗಿ ಕೆಲಸದ ಕಾಕಾ ಒಬ್ಬರಿದ್ದಾರೆ. ಭಜನಾ ತಂಬೂರಿಗಳ ದಂಡಿಗೆ ಪಾಲಿಶ್ ಮಾಡಿದವರು. ಅವರು ನೋಡಿ ಅಂದದ್ದು ಇಷ್ಟೇ: "ಇದು ಬಾಗ್ಲ ಅಲ್ಲಪ್ಪ, ಕೈ ಆಡೂ ಜಾಗ. ದಪ್ಪ ಬಣ್ಣ ಬ್ಯಾಡ."

ಅವರು ಹೇಳಿದಂತೆ ಮನೆಯಲ್ಲೇ ಮಾಡಿದೆವು. ತಂತಿ ಬಿಚ್ಚಿ, ಬೆರಳು ಒತ್ತುವ ಪಟ್ಟಿಗೂ ಲೋಹದ ಫ್ರೆಟ್‌ಗಳಿಗೂ ಟೇಪ್ ಅಂಟಿಸಿದೆವು. ಅಲ್ಲಿ ಬಣ್ಣ ಕೂತರೆ ಸ್ವರವೇ ಕೆಡುತ್ತದೆ. ಹಳೆಯ ಪೇಂಟನ್ನು ಒಣಗಿದ್ದಾಗ ಉಜ್ಜಲಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ವಿಷ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಕೈಗವಸು ಹಾಕಿ, ಬಯಲಲ್ಲಿ ಕೂತು, ಪೇಂಟ್ ರಿಮೂವರ್ ಹಚ್ಚಿ ಮೆಲ್ಲಗೆ ಕೆರೆದೆವು.

ಕಟ್ಟಿಗೆ ಕಂಡ ಮೇಲೆ 120, 240, 400 ನಂಬರಿನ ಪಾಲಿಶ್ ಪೇಪರ್, ಒಂದಾದ ಮೇಲೊಂದು. ಕಟ್ಟಿಗೆಯ ಎಳೆ ಹೋದ ದಿಕ್ಕಿಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಆಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಕೊಡುವುದೂ ಅರಗೇ. ಹತ್ತಿಬಟ್ಟೆಯ ಉಂಡೆಯಿಂದ ತೆಳ್ಳಗೆ ಒರೆಸಿ, ಒಣಗಿದ ಮೇಲೆ ಮತ್ತೊಂದು ಕೋಟ್. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆಯಿಂದ ದೂರವಿರಿ. ನಮ್ಮ ಬಿಸಿಲಲ್ಲಿ ಇಟ್ಟರೆ ಗುಳ್ಳೆ ಏಳಬಹುದು, ಮಳೆಯ ತಂಪಿನಲ್ಲಿ ಬಿಳಿ ಮಬ್ಬು ಕೂರಬಹುದು. ಬೆಳಗಿನ ಒಣ ನೆರಳೇ ಸರಿ.

ಕೊನೆಗೆ ತೀರ ನುಣುಪಾದ ಸ್ಟೀಲ್ ಉಣ್ಣೆಯಿಂದ ಹೊಳಪನ್ನೇ ತುಸು ಇಳಿಸಿದೆವು. ಕನ್ನಡಿಯಂಥ ಹೊಳಪು ನೋಡಲು ಚಂದ, ಬೆವತ ಕೈಗೆ ಅಂಟು. ಮಂದವಾದ ಮೈಮೇಲೆ ಹೆಬ್ಬೆರಳು ಸಲೀಸಾಗಿ ಓಡುತ್ತದೆ.

ಪಿಯು ಪಾಲಿಶ್ ಇದಕ್ಕಿಂತ ಗಟ್ಟಿ, ನಿಜ. ಆದರೆ ಅದು ಸವೆದರೆ ಮನೆಯಲ್ಲಿ ತೇಪೆ ಹಾಕುವುದು ಕಷ್ಟ. ಅರಗು ಬೆವರಿಗೆ ಬೇಗ ಸವೆಯುತ್ತದೆ, ಆದರೆ ಹೊಸ ಕೋಟ್ ಹಳೆಯದರೊಳಗೇ ಕರಗಿ ಒಂದಾಗುತ್ತದೆ. ಅಂಗಡಿಗೆ ಹೋಗಲಾಗದವರಿಗೆ ಇದೇ ದೊಡ್ಡ ಅನುಕೂಲ.

ಗಿಟಾರ್ ಮಾರುವ ಮಾತನ್ನು ತಮ್ಮ ಮತ್ತೆ ಎತ್ತಿಲ್ಲ. ಈಗಾಗಲೇ ಕುತ್ತಿಗೆಯ ಹಿಂದೆ ಅವನ ಹೆಬ್ಬೆರಳಿನ ಜಾಗ ಮಾಸತೊಡಗಿದೆ. ಮಾಸಲಿ. ಮಿಲ್ಲಿನಿಂದ ಬಂದ ಕೈ ದಿನಾ ಅಲ್ಲಿ ಆಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಪೂರ್ತಿ ಸವೆದ ದಿನ ಇನ್ನೊಂದು ಕೋಟ್ ಹಚ್ಚಿದರಾಯಿತು.