ರೂಟರಿನೊಳಗಿನ ಕಾಯುವ ಹೊತ್ತು

ಮನೆಯಲ್ಲಿ ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡತೊಡಗಿದರೆ ಇನ್ನೊಬ್ಬರ ವಿಡಿಯೊ ಕಾಲ್ ತಡವರಿಸುತ್ತದೆ. ನೂರಿನ್ನೂರು ಎಂಬಿಪಿಎಸ್ ಪ್ಲಾನ್ ಇದ್ದರೂ ಅಷ್ಟೇ. ಕಾರಣ, ರೂಟರಿನ ಬಫರ್‌ನಲ್ಲಿ, ಅಂದರೆ ಕಾಯುವ ಜಾಗದಲ್ಲಿ, ಡೇಟಾ ಪ್ಯಾಕೆಟ್‌ಗಳು ಉದ್ದಕ್ಕೆ ಸಾಲುಗಟ್ಟಿರುತ್ತವೆ. ಜಿಮ್ ಗೆಟ್ಟಿಸ್ ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್ಸನ್ ಕೊಟ್ಟ ಕೋಡೆಲ್ ಎಂಬ ವಿಧಾನ, ಸಾಲಿನ ಉದ್ದವನ್ನಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಎಂಬುದನ್ನು ನೋಡುತ್ತದೆ. 5 ಮಿಲಿಸೆಕೆಂಡ್ ಮೀರಿದ ಕಾಯುವಿಕೆ ಹಾಗೇ ಮುಂದುವರಿದರೆ ಕೆಲವು ಪ್ಯಾಕೆಟ್‌ಗಳನ್ನು ಕೈಬಿಡುತ್ತದೆ. ಎಷ್ಟು ಚೆಂದದ ಯೋಚನೆ!

ವೈಫೈಗೆ ಇನ್ನೊಂದು ತೊಡಕು. ದೂರದ ಕೋಣೆಯ ಹಳೇ ಫೋನು ಅಷ್ಟೇ ಡೇಟಾಗೆ ಹೆಚ್ಚು ಹೊತ್ತು ಚಾನೆಲ್ ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿರದ ಲ್ಯಾಪ್‌ಟಾಪೂ ಕಾಯಬೇಕು. ಲಿನಕ್ಸ್‌ನ ಎಟಿಎಚ್9ಕೆ ಎಂಬ ವೈಫೈ ಡ್ರೈವರ್ 2017ರಲ್ಲಿ ಪ್ರಸಾರದ ಸಮಯವನ್ನೇ ಸಮನಾಗಿ ಹಂಚುವುದನ್ನು ಕಲಿತುಕೊಂಡಿತು. ಈ ಕೆಲಸಕ್ಕಾಗಿ ವರ್ಷಗಟ್ಟಲೆ ಬಡಿದಾಡಿದ ಡೇವ್ ಟಾಟ್ 2025ರಲ್ಲಿ ತೀರಿಕೊಂಡರು. ಅವರನ್ನು ನಾವು ನೆನೆಯಬೇಕು.

ನಿಮ್ಮ ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಇದ್ದರೆ ಸಾಲನ್ನು ಹತೋಟಿಯಲ್ಲಿಡುವ ಎಸ್‌ಕ್ಯೂಎಂ ಆನ್ ಮಾಡಿ, ವೇಗದ ಮಿತಿಯನ್ನು ಲೈನಿನ ನಿಜವಾದ ವೇಗದ 90% ಆಸುಪಾಸಿನಲ್ಲಿಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ 2.4 ಗಿಗಾಹರ್ಟ್ಸ್‌ಗೆ 20 ಮೆಗಾಹರ್ಟ್ಸ್ ಚಾನೆಲ್ ಅಗಲವೇ ಸಾಕು. ಸ್ಪೀಡ್‌ಟೆಸ್ಟ್ ಅಂಕಿ ತುಸು ಇಳಿಯುತ್ತದೆ, ಇಳಿಯಲಿ ಬಿಡಿ. ಅಪ್‌ಲೋಡ್ ನಡೆಯುವಾಗಲೇ ಪಿಂಗ್ ನೋಡಿ.